ಪರ್ಯಾಯ ಸ್ಪ್ಲೈಸಿಂಗ್ ರೂಪಗಳನ್ನು ಪ್ರಯೋಗಾಲಯದಲ್ಲಿ ಪತ್ತೆ ಹಚ್ಚುವುದು ಹೇಗೆ?

ಜೀನಿನಿಂದ ಮೊದಲು ನಕಲಾಗುವ ಆರ್‌ಎನ್‌ಎ ಎಳೆಯಲ್ಲಿ ಎಕ್ಸಾನ್‌ಗಳೂ ಇಂಟ್ರಾನ್‌ಗಳೂ ಒಂದರ ಪಕ್ಕ ಒಂದು ಇರುತ್ತವೆ. ಇಂಟ್ರಾನ್‌ಗಳನ್ನು ಕತ್ತರಿಸಿ ತೆಗೆದು ಎಕ್ಸಾನ್‌ಗಳನ್ನು ಬೆಸೆಯುವ ಕ್ರಿಯೆಯೇ ಸ್ಪ್ಲೈಸಿಂಗ್. ಅಡಿನೋವೈರಸ್ಸಿನಲ್ಲಿ 1977ರಲ್ಲಿ ಇದನ್ನು ಕಂಡುಹಿಡಿದದ್ದಕ್ಕಾಗಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರ ನೊಬೆಲ್ ಪ್ರಶಸ್ತಿ ಸಂದಿತು. ಒಂದೇ ಜೀನಿನ ಎಕ್ಸಾನ್‌ಗಳು ಸನ್ನಿವೇಶಕ್ಕೆ ತಕ್ಕಂತೆ ಬೇರೆ ಬೇರೆ ಬಗೆಯಲ್ಲಿ ಬೆಸೆದುಕೊಂಡರೆ ಅದು ಪರ್ಯಾಯ ಸ್ಪ್ಲೈಸಿಂಗ್ ಎನಿಸಿಕೊಳ್ಳುತ್ತದೆ. ಒಂದಕ್ಕಿಂತ ಹೆಚ್ಚು ಎಕ್ಸಾನ್‌ಗಳಿರುವ ಮನುಷ್ಯನ ಜೀನ್‌ಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವು ಹೀಗೆ ಹಲವು ರೂಪಗಳನ್ನು ಕೊಡುತ್ತವೆ ಎಂಬುದನ್ನು 2008ರಲ್ಲಿ ಪ್ರಕಟವಾದ ಆರ್‌ಎನ್‌ಎ ಸೀಕ್ವೆನ್ಸಿಂಗ್ ಅಧ್ಯಯನಗಳು ತೋರಿಸಿಕೊಟ್ಟವು.

ಈ ರೂಪಗಳನ್ನು ಗುರುತಿಸುವ ವಿಧಾನಗಳು ಹಲವಿದ್ದರೂ ಅವು ಒಂದರ ಬದಲಿಗೆ ಇನ್ನೊಂದು ಎಂಬಂತೆ ಬಳಸುವಂಥವಲ್ಲ. ಪ್ರತಿಯೊಂದು ವಿಧಾನವೂ ಬೇರೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ, ಮತ್ತು ಪ್ರತಿಯೊಂದೂ ತನ್ನದೇ ಆದ ರೀತಿಯಲ್ಲಿ ಇಲ್ಲದ ರೂಪವನ್ನು ಇದೆಯೆಂದು ತೋರಿಸಬಲ್ಲದು. ಆದ್ದರಿಂದ ಈ ಲೇಖನದಲ್ಲಿ ಕೆಲಸದ ಕ್ರಮದ ಜೊತೆಗೇ ಎಲ್ಲೆಲ್ಲಿ ಮೋಸ ಹೋಗುವ ಸಾಧ್ಯತೆಯಿದೆ ಎಂಬುದನ್ನೂ ಹೇಳುತ್ತ ಹೋಗುತ್ತೇನೆ.

ಮೊದಲ ಹಂತ: ಜೀನಿನ ನಕ್ಷೆ ಮತ್ತು ಪ್ರಶ್ನೆ

ಪೈಪೆಟ್ ಹಿಡಿಯುವ ಮೊದಲು ಕಾಗದದ ಮೇಲೆ ಆ ಜೀನಿನ ಎಕ್ಸಾನ್‌ಗಳನ್ನು, ಅವುಗಳ ಉದ್ದವನ್ನು ನ್ಯೂಕ್ಲಿಯೋಟೈಡ್‌ಗಳಲ್ಲಿ ನಮೂದಿಸಿ, ಕ್ರಮವಾಗಿ ಬರೆದುಕೊಳ್ಳಬೇಕು. ಎನ್ಸೆಂಬಲ್, ಯುಸಿಎಸ್‌ಸಿ ಜೀನೋಮ್ ಬ್ರೌಸರ್ ಮುಂತಾದ ಸಾರ್ವಜನಿಕ ದತ್ತಕೋಶಗಳಲ್ಲಿ ಈಗಾಗಲೇ ದಾಖಲಾಗಿರುವ ರೂಪಗಳನ್ನು ಅದೇ ನಕ್ಷೆಯ ಮೇಲೆ ಗುರುತಿಸಿಕೊಂಡರೆ ನಾವು ಹುಡುಕುತ್ತಿರುವ ಬದಲಾವಣೆ ಯಾವ ಬಗೆಯದು ಎಂಬುದು ಸ್ಪಷ್ಟವಾಗುತ್ತದೆ. ಒಂದು ಎಕ್ಸಾನ್ ಪೂರ್ತಿಯಾಗಿ ಬಿಟ್ಟುಹೋಗಬಹುದು. ಎಕ್ಸಾನಿನ ಒಂದು ತುದಿಯಲ್ಲಿ ಬೇರೊಂದು ಸ್ಪ್ಲೈಸ್ ತಾಣ (ಕತ್ತರಿಸಿ ಬೆಸೆಯುವ ಜಾಗ) ಬಳಕೆಯಾಗಿ ಅದರ ಉದ್ದ ಹೆಚ್ಚು ಕಡಿಮೆಯಾಗಬಹುದು. ಎರಡು ಎಕ್ಸಾನ್‌ಗಳಲ್ಲಿ ಯಾವುದಾದರೂ ಒಂದು ಮಾತ್ರ ಉಳಿಯಬಹುದು. ಇಂಟ್ರಾನ್ ಒಂದು ಹೊರಹೋಗದೆ ಹಾಗೆಯೇ ಉಳಿದುಬಿಡಬಹುದು. ಪ್ರಾಣಿಗಳಲ್ಲಿ ಎಕ್ಸಾನ್ ಬಿಟ್ಟುಹೋಗುವುದು ಹೆಚ್ಚು, ಸಸ್ಯಗಳಲ್ಲಿ ಇಂಟ್ರಾನ್ ಉಳಿಯುವುದು ಹೆಚ್ಚು.

ಉದ್ದದ ವ್ಯತ್ಯಾಸವೆಷ್ಟು ಎಂಬ ಒಂದು ಅಂಕಿಯೇ ಮುಂದಿನ ಅರ್ಧ ಕೆಲಸವನ್ನು ನಿರ್ಧರಿಸುತ್ತದೆ. ಬಿಸಿಎಲ್-ಎಕ್ಸ್ ಜೀನಿನಲ್ಲಿ ಜೀವಕೋಶವನ್ನು ಸಾವಿನಿಂದ ತಡೆಯುವ ಉದ್ದನೆಯ ರೂಪಕ್ಕೂ ಸಾವಿಗೆ ದಾರಿ ಮಾಡುವ ಗಿಡ್ಡ ರೂಪಕ್ಕೂ ಇರುವ ಅಂತರ 189 ನ್ಯೂಕ್ಲಿಯೋಟೈಡ್‌ಗಳು. ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಸಾಮಾನ್ಯ ಅಗರೋಸ್ ಜೆಲ್ಲಿನಲ್ಲಿಯೇ ಇವೆರಡೂ ದೂರ ದೂರ ನಿಲ್ಲುತ್ತವೆ. ಅಕ್ಕಪಕ್ಕದ ಎರಡು ಸ್ಪ್ಲೈಸ್ ತಾಣಗಳ ನಡುವೆ ಮೂರೇ ನ್ಯೂಕ್ಲಿಯೋಟೈಡ್‌ಗಳ ಅಂತರವಿದ್ದರೆ ಅದೇ ಜೆಲ್ಲು ಏನನ್ನೂ ಹೇಳುವುದಿಲ್ಲ.

ಎರಡನೆಯ ಹಂತ: ಆರ್‌ಎನ್‌ಎ

ಗ್ವಾನಿಡಿನಿಯಮ್ ಮತ್ತು ಫೀನಾಲ್ ಇರುವ ದ್ರಾವಣದಿಂದಾಗಲಿ ಸಿಲಿಕಾ ಕಾಲಮ್ಮಿನಿಂದಾಗಲಿ ಆರ್‌ಎನ್‌ಎ ತೆಗೆಯಬಹುದು. ಶುದ್ಧತೆಗೆ 260 ಮತ್ತು 280 ನ್ಯಾನೋಮೀಟರುಗಳ ಹೀರಿಕೆಯ ಅನುಪಾತ 2.0ರ ಆಸುಪಾಸಿನಲ್ಲಿರಬೇಕು. ಆದರೆ ಈ ಅನುಪಾತವು ಆರ್‌ಎನ್‌ಎ ತುಂಡಾಗಿದೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಜೆಲ್ಲಿನಲ್ಲಿ 28ಎಸ್ ಮತ್ತು 18ಎಸ್ ರೈಬೋಸೋಮ್ ಆರ್‌ಎನ್‌ಎ ಬ್ಯಾಂಡ್‌ಗಳನ್ನು (ಪಟ್ಟಿಗಳನ್ನು) ನೋಡಬೇಕು, ಅಥವಾ ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂದು ಹೇಳುವ, 1ರಿಂದ 10ರವರೆಗಿನ ಆರ್‌ಐಎನ್ ಅಂಕವನ್ನು ಪಡೆಯಬೇಕು. ಹೋಲಿಸಬೇಕಾದ ಮಾದರಿಗಳೆಲ್ಲವೂ ಸುಮಾರಾಗಿ ಒಂದೇ ಗುಣಮಟ್ಟದವಾಗಿರುವುದು ಮುಖ್ಯ. ಒಂದು ಗುಂಪಿನ ಆರ್‌ಎನ್‌ಎ ಚೆನ್ನಾಗಿದ್ದು ಇನ್ನೊಂದು ಗುಂಪಿನದು ಶಿಥಿಲವಾಗಿದ್ದರೆ, ಉದ್ದನೆಯ ರೂಪ ಕಡಿಮೆಯಾದಂತೆ ಕಾಣುವುದಕ್ಕೆ ಅದೊಂದೇ ಕಾರಣ ಸಾಕು.

ಡಿಎನ್‌ಏಸ್ ಕಿಣ್ವದಿಂದ ಜೀನೋಮಿನ ಡಿಎನ್‌ಎಯನ್ನು ತೆಗೆದುಹಾಕುವುದನ್ನು ಐಚ್ಛಿಕವೆಂದು ಭಾವಿಸಬಾರದು. ಉಳಿದ ಇಂಟ್ರಾನ್ ಇರುವ ಆರ್‌ಎನ್‌ಎಯಿಂದ ಬರುವ ಪಿಸಿಆರ್ (ಡಿಎನ್‌ಎ ತುಂಡನ್ನು ಆವರ್ತ ಆವರ್ತವಾಗಿ ನಕಲಿಸಿ ಹೆಚ್ಚಿಸುವ ವಿಧಾನ) ಉತ್ಪನ್ನಕ್ಕೂ ಜೀನೋಮಿನ ಡಿಎನ್‌ಎಯಿಂದ ಬರುವ ಉತ್ಪನ್ನಕ್ಕೂ ಉದ್ದದಲ್ಲಾಗಲಿ ಅಕ್ಷರಕ್ರಮದಲ್ಲಾಗಲಿ ಒಂದಿಷ್ಟೂ ಭೇದವಿರುವುದಿಲ್ಲ. ಆದ್ದರಿಂದ ಪ್ರತಿ ಮಾದರಿಗೂ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಹಾಕದ ಒಂದು ಕೊಳವೆಯನ್ನು ಜೊತೆಯಲ್ಲೇ ನಡೆಸಬೇಕು. ಅದರಲ್ಲಿ ಬ್ಯಾಂಡ್ ಕಂಡರೆ ಇಂಟ್ರಾನ್ ಉಳಿದಿದೆ ಎಂಬ ತೀರ್ಮಾನವನ್ನು ಅಲ್ಲಿಗೇ ಕೈಬಿಡಬೇಕು. ಕಾಣದಿದ್ದರೂ ಒಂದು ಅನುಮಾನ ಉಳಿಯುತ್ತದೆ: ಆ ಆರ್‌ಎನ್‌ಎ ಇನ್ನೂ ಸ್ಪ್ಲೈಸಿಂಗ್ ಮುಗಿಯದೆ ಕೋಶಕೇಂದ್ರದಲ್ಲಿದ್ದದ್ದೂ ಆಗಿರಬಹುದು. ಕೋಶರಸದ ಭಾಗವನ್ನು ಪ್ರತ್ಯೇಕಿಸಿ ಅದರಿಂದಷ್ಟೇ ಆರ್‌ಎನ್‌ಎ ತೆಗೆದು ನೋಡಿದರೆ ಈ ಅನುಮಾನ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಇದೇ ಹಂತದಲ್ಲಿ ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. ಎಕ್ಸಾನ್ ಬಿಟ್ಟುಹೋದಾಗ ಓದಿನ ಚೌಕಟ್ಟು (ಮೂರು ಮೂರು ಅಕ್ಷರಗಳ ಎಣಿಕೆ) ಕದಲಿ, ಕೊನೆಯ ಎಕ್ಸಾನ್ ಸಂಧಿಗಿಂತ (ಎರಡು ಎಕ್ಸಾನ್‌ಗಳು ಬೆಸೆದ ಜಾಗ) ಸುಮಾರು 50ರಿಂದ 55 ನ್ಯೂಕ್ಲಿಯೋಟೈಡ್‌ಗಳಿಗೂ ಹೆಚ್ಚು ಮೊದಲೇ ಅಕಾಲಿಕ ನಿಲುಗಡೆ ಸಂಕೇತ ಬಂದರೆ, ಅಂಥ ಆರ್‌ಎನ್‌ಎಯನ್ನು ಜೀವಕೋಶ ಗುರುತಿಸಿ ನಾಶ ಮಾಡಿಬಿಡುತ್ತದೆ. ಆಗ ಆ ರೂಪ ಧಾರಾಳವಾಗಿ ಉತ್ಪತ್ತಿಯಾಗುತ್ತಿದ್ದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜೀವಕೋಶಗಳನ್ನು ಕೊಯ್ಲು ಮಾಡುವ ಕೆಲವು ಗಂಟೆಗಳ ಮುಂಚೆ ಸೈಕ್ಲೋಹೆಕ್ಸಿಮೈಡ್ ಅಥವಾ ಪ್ಯೂರೋಮೈಸಿನ್ ಕೊಟ್ಟು ಅನುವಾದವನ್ನು (ಆರ್‌ಎನ್‌ಎಯಿಂದ ಪ್ರೋಟೀನ್ ತಯಾರಾಗುವುದನ್ನು) ತಡೆದರೆ ಈ ನಾಶವೂ ನಿಲ್ಲುತ್ತದೆ. ಔಷಧ ಕೊಟ್ಟ ಮತ್ತು ಕೊಡದ ಮಾದರಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಹೊಸದಾಗಿ ಮೇಲೆದ್ದ ಬ್ಯಾಂಡ್ ಯಾವುದು ಎಂಬುದರಿಂದ ಉತ್ತರ ಸಿಗುತ್ತದೆ. ರೋಗಕ್ಕೆ ಕಾರಣವಾದ ರೂಪಾಂತರಗಳನ್ನು ಪರೀಕ್ಷಿಸುವವರು ಈ ನಿಯಂತ್ರಣವನ್ನು ಬಿಡಲೇಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಮೂರನೆಯ ಹಂತ: ಸಿಡಿಎನ್‌ಎ

ಆರ್‌ಎನ್‌ಎಯಿಂದ ನಕಲಾದ ಡಿಎನ್‌ಎಯೇ ಸಿಡಿಎನ್‌ಎ; ನಕಲು ಶುರುವಾಗಲು ಪ್ರೈಮರ್ ಎಂಬ ಪುಟ್ಟ ಡಿಎನ್‌ಎ ತುಂಡು ಬೇಕು. ಆಲಿಗೋ ಡಿಟಿ ಪ್ರೈಮರ್ ಆರ್‌ಎನ್‌ಎಯ ಬಾಲದಿಂದ ನಕಲು ಶುರುಮಾಡುವುದರಿಂದ, ನಾವು ನೋಡಬೇಕಾದ ಎಕ್ಸಾನ್ ಬಾಲದಿಂದ ಹಲವು ಸಾವಿರ ನ್ಯೂಕ್ಲಿಯೋಟೈಡ್ ದೂರದಲ್ಲಿದ್ದರೆ ಕಿಣ್ವ ಅಲ್ಲಿಯವರೆಗೆ ತಲುಪದೇ ಹೋಗಬಹುದು. ಯಾದೃಚ್ಛಿಕ ಹೆಕ್ಸಾಮರ್‌ಗಳು (ಆರು ಅಕ್ಷರಗಳ ಪ್ರೈಮರ್‌ಗಳು) ಇಡೀ ಉದ್ದವನ್ನು ಸಮನಾಗಿ ಆವರಿಸುತ್ತವೆ, ಆದರೆ ಅಪೂರ್ಣ ಆರ್‌ಎನ್‌ಎಯನ್ನೂ ನಕಲು ಮಾಡುತ್ತವೆ. ಎರಡನ್ನೂ ಬೆರೆಸಿ ಬಳಸುವುದು ರೂಢಿಯಲ್ಲಿದೆ. ಯಾವುದನ್ನೇ ಆರಿಸಿಕೊಂಡರೂ ಒಂದು ಅಧ್ಯಯನದ ಎಲ್ಲ ಮಾದರಿಗಳಿಗೂ ಅದನ್ನೇ, ಅದೇ ಪ್ರಮಾಣದ ಆರ್‌ಎನ್‌ಎಯೊಂದಿಗೆ ಬಳಸಬೇಕು.

ನಾಲ್ಕನೆಯ ಹಂತ: ಪಕ್ಕದ ಎಕ್ಸಾನ್‌ಗಳಿಂದ ಪಿಸಿಆರ್

ಒಂದು ನಿರ್ದಿಷ್ಟ ಎಕ್ಸಾನಿನ ಬಗ್ಗೆ ಪ್ರಶ್ನೆಯಿದ್ದಾಗ ಇದಕ್ಕಿಂತ ನೇರವಾದ ವಿಧಾನ ಇನ್ನೊಂದಿಲ್ಲ. ಸಂಶಯವಿರುವ ಎಕ್ಸಾನಿನ ಎರಡೂ ಬದಿಯಲ್ಲಿ, ಎಲ್ಲ ರೂಪಗಳಲ್ಲೂ ತಪ್ಪದೆ ಇರುವ ಎಕ್ಸಾನ್‌ಗಳ ಮೇಲೆ ಪ್ರೈಮರ್‌ಗಳನ್ನು ಇಡಬೇಕು. ಹೀಗೆ ಮಾಡಿದಾಗ ಎಕ್ಸಾನ್ ಸೇರಿದ ರೂಪವೂ ಬಿಟ್ಟ ರೂಪವೂ ಒಂದೇ ಕೊಳವೆಯಲ್ಲಿ, ಒಂದೇ ಜೋಡಿ ಪ್ರೈಮರ್‌ಗಳಿಂದ ವೃದ್ಧಿಯಾಗುತ್ತವೆ. ಆದ್ದರಿಂದ ಪೈಪೆಟ್‌ನ ಏರುಪೇರು ಎರಡಕ್ಕೂ ಸಮನಾಗಿ ತಟ್ಟಿ ಅನುಪಾತ ಕೆಡದೆ ಉಳಿಯುತ್ತದೆ. ಉತ್ಪನ್ನಗಳ ಉದ್ದ 100ರಿಂದ 500 ಬೇಸ್ ಜೋಡಿಗಳ ಒಳಗಿದ್ದರೆ ಅನುಕೂಲ. ಪರ್ಯಾಯ ಎಕ್ಸಾನಿನ ಉದ್ದಕ್ಕೆ ಹೋಲಿಸಿದರೆ ಪಕ್ಕದ ಭಾಗಗಳು ತೀರಾ ದೊಡ್ಡದಾಗಿರಬಾರದು. 30 ಬೇಸ್‌ಗಳ ಪುಟ್ಟ ಎಕ್ಸಾನನ್ನು 800 ಬೇಸ್ ಜೋಡಿಗಳ ಉತ್ಪನ್ನದಲ್ಲಿ ಹುಡುಕುವುದು ವ್ಯರ್ಥ, 150ರ ಉತ್ಪನ್ನದಲ್ಲಿ ಅದು ಸುಲಭವಾಗಿ ಕಾಣುತ್ತದೆ.

ಪಿಸಿಆರ್ ಆವರ್ತಗಳ ಸಂಖ್ಯೆಯನ್ನು ಅಭ್ಯಾಸಬಲದಿಂದ 35ಕ್ಕೆ ಇಡುವುದು ಇಲ್ಲಿ ದೊಡ್ಡ ತಪ್ಪು. ಪಿಸಿಆರ್ ಗಿಡ್ಡ ತುಂಡುಗಳ ಪರವಾಗಿರುತ್ತದೆ. ಆವರ್ತಗಳು ಹೆಚ್ಚಿದಷ್ಟೂ ಈ ಪಕ್ಷಪಾತ ಬೆಳೆಯುತ್ತ ಹೋಗಿ, ಪ್ರೈಮರ್‌ಗಳು ಖಾಲಿಯಾಗುವ ಹೊತ್ತಿಗೆ ಆರಂಭದ ಅನುಪಾತದ ಗುರುತೇ ಉಳಿಯದೆ ಹೋಗಬಹುದು. ಒಂದು ಪ್ರಾತಿನಿಧಿಕ ಮಾದರಿಯನ್ನು 22, 24, 26, 28, 30 ಆವರ್ತಗಳಲ್ಲಿ ತೆಗೆದು ಜೆಲ್ಲಿನಲ್ಲಿ ಅಕ್ಕಪಕ್ಕ ಓಡಿಸಿ ನೋಡಬೇಕು. ಬ್ಯಾಂಡ್‌ಗಳ ತೀವ್ರತೆ ಏರುತ್ತಲೇ ಇದ್ದು, ಎರಡರ ನಡುವಿನ ಅನುಪಾತ ಮಾತ್ರ ಬದಲಾಗದೆ ಉಳಿಯುವ ವಲಯ ಸಿಕ್ಕಿದಾಗ ಅದರಲ್ಲೇ ಎಲ್ಲ ಮಾದರಿಗಳನ್ನೂ ನಡೆಸಬೇಕು.

ಎರಡು ರೂಪಗಳ ಶುದ್ಧ ಪ್ಲಾಸ್ಮಿಡ್‌ಗಳು (ಆ ರೂಪವನ್ನು ಸೇರಿಸಿದ ಉಂಗುರಾಕಾರದ ಡಿಎನ್‌ಎ) ಕೈಯಲ್ಲಿದ್ದರೆ ಅವನ್ನು ಗೊತ್ತಿರುವ ಅನುಪಾತಗಳಲ್ಲಿ ಬೆರೆಸಿ, ಅದೇ ಪಿಸಿಆರ್ ಮಾಡಿ, ಹಾಕಿದ ಅನುಪಾತವೂ ಅಳೆದ ಅನುಪಾತವೂ ಎಷ್ಟರಮಟ್ಟಿಗೆ ಹೊಂದುತ್ತವೆ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಈ ಒಂದು ದಿನದ ಕೆಲಸ ಮುಂದೆ ಎಷ್ಟೋ ವಾದಗಳನ್ನು ತಪ್ಪಿಸುತ್ತದೆ.

ಐದನೆಯ ಹಂತ: ಬ್ಯಾಂಡ್‌ಗಳನ್ನು ಓದುವುದು

ಹತ್ತಾರು ಬೇಸ್‌ಗಳ ಅಂತರಕ್ಕೆ ಶೇಕಡಾ 2ರಿಂದ 3ರ ಅಗರೋಸ್ ಸಾಕು. ಅದಕ್ಕಿಂತ ಸಣ್ಣ ಅಂತರಕ್ಕೆ ಪಾಲಿಅಕ್ರಿಲಮೈಡ್ ಜೆಲ್ ಬೇಕು. ಒಂದೆರಡು ಬೇಸ್‌ಗಳ ಅಂತರವಾದರೆ ಒಂದು ಪ್ರೈಮರಿಗೆ ಪ್ರತಿದೀಪಕ ಬಣ್ಣ ಕಟ್ಟಿ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಮಾಡಬೇಕು.

ಎಕ್ಸಾನ್ ಸೇರಿದ ರೂಪದ ಪಾಲನ್ನು ಶೇಕಡಾವಾರು ಹೇಳುವ ಅಳತೆಗೆ ಪಿಎಸ್‌ಐ ಎಂಬ ಹೆಸರು ಬಳಕೆಯಲ್ಲಿದೆ. ಸೇರಿದ ರೂಪದ ಪ್ರಮಾಣವನ್ನು ಎರಡೂ ರೂಪಗಳ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅದು ದೊರೆಯುತ್ತದೆ. ಲೆಕ್ಕ ಸರಳವಾದರೂ ಒಂದು ತಿದ್ದುಪಡಿಯನ್ನು ಮರೆಯುವಂತಿಲ್ಲ. ಡಿಎನ್‌ಎಗೆ ಅಂಟಿಕೊಳ್ಳುವ ಬಣ್ಣ ಉದ್ದನೆಯ ತುಂಡಿಗೆ ಹೆಚ್ಚು ಅಂಟುತ್ತದೆ. 350 ಬೇಸ್ ಜೋಡಿಗಳ ಮೇಲಿನ ಬ್ಯಾಂಡಿನ ತೀವ್ರತೆ 700, 250 ಬೇಸ್ ಜೋಡಿಗಳ ಕೆಳಗಿನದರ ತೀವ್ರತೆ 500 ಎಂದಿಟ್ಟುಕೊಳ್ಳೋಣ. ಹಾಗೆಯೇ ಲೆಕ್ಕ ಹಾಕಿದರೆ ಪಿಎಸ್‌ಐ ಶೇಕಡಾ 58 ಬರುತ್ತದೆ. ಪ್ರತಿ ತೀವ್ರತೆಯನ್ನು ಅದರ ಉದ್ದದಿಂದ ಭಾಗಿಸಿದಾಗ ಎರಡಕ್ಕೂ 2 ಬಂದು, ನಿಜವಾದ ಪಿಎಸ್‌ಐ 50 ಎಂದು ತಿಳಿಯುತ್ತದೆ. ಪ್ರೈಮರಿಗೇ ಬಣ್ಣ ಕಟ್ಟಿದ್ದರೆ ಪ್ರತಿ ಅಣುವಿಗೂ ಒಂದೇ ಬಣ್ಣದ ಕಣವಿರುವುದರಿಂದ ಈ ತಿದ್ದುಪಡಿ ಬೇಕಿಲ್ಲ. ಅಲ್ಲೂ ಅದನ್ನು ಮಾಡಿದರೆ ಉತ್ತರ ತಪ್ಪುತ್ತದೆ.

ನಕ್ಷೆಯಲ್ಲಿ ಇಲ್ಲದ ಮೂರನೆಯ ಬ್ಯಾಂಡ್ ಕಂಡಾಗ ಹೊಸ ರೂಪ ಸಿಕ್ಕಿತೆಂದು ಸಂಭ್ರಮಿಸುವ ಮೊದಲು, ಅದು ಉದ್ದನೆಯ ಎಳೆಯೂ ಗಿಡ್ಡ ಎಳೆಯೂ ಪರಸ್ಪರ ಹೆಣೆದುಕೊಂಡ ಮಿಶ್ರ ಜೋಡಿಯಲ್ಲವೇ ಎಂದು ಪರೀಕ್ಷಿಸಬೇಕು. ಪಿಸಿಆರ್‌ನ ಕೊನೆಯ ಆವರ್ತಗಳಲ್ಲಿ ಇಂಥ ಜೋಡಿಗಳು ಸುಲಭವಾಗಿ ಉಂಟಾಗುತ್ತವೆ. ಜೋಡಿ ಸಿಗದ ಎಕ್ಸಾನ್ ಭಾಗ ಕುಣಿಕೆಯಂತೆ ಹೊರಚಾಚಿ, ತುಂಡು ಜೆಲ್ಲಿನಲ್ಲಿ ತಡವಾಗಿ ಚಲಿಸುತ್ತದೆ. ಯೂರಿಯಾ ಇರುವ, ಎಳೆಗಳನ್ನು ಬಿಡಿಸುವ ಜೆಲ್ಲಿನಲ್ಲಿ ಅದೇ ಉತ್ಪನ್ನವನ್ನು ಓಡಿಸಿದಾಗ ಆ ಬ್ಯಾಂಡ್ ಮಾಯವಾದರೆ ಅದು ಮಿಶ್ರ ಜೋಡಿಯೇ ಆಗಿತ್ತು.

ಆರನೆಯ ಹಂತ: ಉದ್ದ ಒಂದೇ ಆಗಿದ್ದಾಗ

ಪೈರುವೇಟ್ ಕೈನೇಸ್ ಕಿಣ್ವದ ಪಿಕೆಎಂ ಜೀನಿನಲ್ಲಿ 9ನೆಯ ಎಕ್ಸಾನ್ ಉಳಿದರೆ ಪಿಕೆಎಂ1 ರೂಪವೂ 10ನೆಯದು ಉಳಿದರೆ ಪಿಕೆಎಂ2 ರೂಪವೂ ಸಿಗುತ್ತದೆ. ಎರಡೂ ಎಕ್ಸಾನ್‌ಗಳ ಉದ್ದ ತಲಾ 167 ನ್ಯೂಕ್ಲಿಯೋಟೈಡ್‌ಗಳು, ಹಾಗಾಗಿ ಎಂಥ ಸೂಕ್ಷ್ಮ ಜೆಲ್ಲಿನಲ್ಲೂ ಒಂದೇ ಬ್ಯಾಂಡ್. ಇಲ್ಲಿ ನೆರವಿಗೆ ಬರುವುದು ನಿರ್ದಿಷ್ಟ ಅಕ್ಷರಸರಣಿಯಲ್ಲಿ ಡಿಎನ್‌ಎಯನ್ನು ಕತ್ತರಿಸುವ ನಿರ್ಬಂಧ ಕಿಣ್ವ. ಪಿಎಸ್‌ಟಿ1 ಕಿಣ್ವ ಕತ್ತರಿಸುವ ತಾಣ 10ನೆಯ ಎಕ್ಸಾನಿನಲ್ಲಿದೆ, 9ನೆಯದರಲ್ಲಿಲ್ಲ. ಪಿಸಿಆರ್ ಉತ್ಪನ್ನವನ್ನು ಅದರಿಂದ ಕತ್ತರಿಸಿದಾಗ ಇಡಿಯಾಗಿ ಉಳಿದದ್ದು ಪಿಕೆಎಂ1, ತುಂಡಾದದ್ದು ಪಿಕೆಎಂ2.

ಈ ವಿಧಾನದಲ್ಲಿ ಕತ್ತರಿಸುವಿಕೆ ಅಪೂರ್ಣವಾದರೆ ಪಿಕೆಎಂ1 ಇಲ್ಲದ ಕಡೆಯಲ್ಲೂ ಇದ್ದಂತೆ ತೋರುತ್ತದೆ. ಪಿಕೆಎಂ2 ಮಾತ್ರ ಇರುವ ಪ್ಲಾಸ್ಮಿಡ್ಡಿನ ಉತ್ಪನ್ನವನ್ನು ಪಕ್ಕದಲ್ಲೇ ಕತ್ತರಿಸಿ, ಅದರಲ್ಲಿ ಇಡಿಯಾದ ಬ್ಯಾಂಡ್ ಉಳಿಯುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೆಣೆದುಕೊಂಡ ಮಿಶ್ರ ಜೋಡಿಗಳನ್ನು ಕಿಣ್ವ ಕತ್ತರಿಸಲಾರದು ಎಂಬುದೂ ನೆನಪಿರಲಿ. ಹೆಚ್ಚು ಆವರ್ತಗಳನ್ನು ನಡೆಸಬಾರದು ಎನ್ನಲು ಇದು ಇನ್ನೊಂದು ಕಾರಣ. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಸಂಬಂಧಿಸಿದ ಎಸ್‌ಎಂಎನ್1 ಮತ್ತು ಎಸ್‌ಎಂಎನ್2 ಎಂಬ ಅವಳಿ ಜೀನ್‌ಗಳ ಆರ್‌ಎನ್‌ಎಗಳನ್ನು ಬೇರ್ಪಡಿಸುವುದಕ್ಕೂ ಇದೇ ಉಪಾಯವಿದೆ: 6ರಿಂದ 8ನೆಯ ಎಕ್ಸಾನಿನವರೆಗೆ ಪಿಸಿಆರ್ ಮಾಡಿ, ಎಸ್‌ಎಂಎನ್2ರ 8ನೆಯ ಎಕ್ಸಾನನ್ನು ಕತ್ತರಿಸುವ ಡಿಡಿಇ1 ಕಿಣ್ವವನ್ನು ಬಳಸುತ್ತಾರೆ. ಎಸ್‌ಎಂಎನ್2ರಲ್ಲಿ 54 ನ್ಯೂಕ್ಲಿಯೋಟೈಡ್‌ಗಳ 7ನೆಯ ಎಕ್ಸಾನ್ ಹೆಚ್ಚಾಗಿ ಬಿಟ್ಟುಹೋಗುತ್ತದೆ; ಅದನ್ನು ಮತ್ತೆ ಸೇರುವಂತೆ ಮಾಡುವ ನುಸಿನರ್ಸೆನ್ ಔಷಧಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮೋದನೆ ದೊರೆಯಿತು.

ಏಳನೆಯ ಹಂತ: ಅಕ್ಷರಕ್ರಮದ ಖಾತರಿ

ಬ್ಯಾಂಡಿನ ಉದ್ದ ನಿರೀಕ್ಷೆಗೆ ಸರಿಹೊಂದಿತು ಎಂದಮಾತ್ರಕ್ಕೆ ಅದು ನಿರೀಕ್ಷಿಸಿದ ರೂಪವೇ ಎನ್ನಲಾಗದು. ಪ್ರತಿ ಬ್ಯಾಂಡನ್ನೂ ಜೆಲ್ಲಿನಿಂದ ಕತ್ತರಿಸಿ ತೆಗೆದು ಶುದ್ಧೀಕರಿಸಿ ಸ್ಯಾಂಗರ್ ವಿಧಾನದಲ್ಲಿ ಓದಿಸಬೇಕು. ಸಂಧಿಯಾಚೆ ಓದು ಗೋಜಲಾದರೆ ಆ ಬ್ಯಾಂಡಿನಲ್ಲಿ ಎರಡು ರೂಪಗಳು ಬೆರೆತಿವೆ ಎಂದರ್ಥ. ಆಗ ಅದನ್ನು ಪ್ಲಾಸ್ಮಿಡ್ಡಿಗೆ ಸೇರಿಸಿ ಹಲವು ಬ್ಯಾಕ್ಟೀರಿಯಾ ವಸಾಹತುಗಳನ್ನು ಪ್ರತ್ಯೇಕವಾಗಿ ಓದಿಸಬೇಕಾಗುತ್ತದೆ. ಹೊಸ ಸಂಧಿ ಸಿಕ್ಕಾಗ ಜೀನೋಮಿನಲ್ಲಿ ಆ ಇಂಟ್ರಾನ್ ಜಿಟಿ ಅಕ್ಷರಗಳಿಂದ ಆರಂಭವಾಗಿ ಎಜಿ ಅಕ್ಷರಗಳಿಂದ ಮುಗಿಯುತ್ತದೆಯೇ ಎಂದು ನೋಡಬೇಕು. ಬಹುತೇಕ ಎಲ್ಲ ಇಂಟ್ರಾನ್‌ಗಳೂ ಈ ನಿಯಮವನ್ನು ಪಾಲಿಸುತ್ತವೆ. ಹಾಗಿಲ್ಲದೆ, ಬಿಟ್ಟುಹೋದ ಭಾಗದ ಎರಡೂ ತುದಿಗಳಲ್ಲಿ ಒಂದೇ ಪುಟ್ಟ ಅಕ್ಷರಸರಣಿ ಪುನರಾವರ್ತನೆಯಾಗಿದ್ದರೆ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ನಕಲು ಮಾಡುವಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿದಿದೆ ಎಂದು ಅನುಮಾನಿಸಲು ಬಲವಾದ ಕಾರಣವಿದೆ. ಬೇರೆ ಬಗೆಯ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಬಳಸಿ, ಹೆಚ್ಚಿನ ತಾಪಮಾನದಲ್ಲಿ ಪ್ರಯೋಗವನ್ನು ಮತ್ತೊಮ್ಮೆ ಮಾಡಿದಾಗ ಅಂಥ ಹುಸಿ ರೂಪಗಳು ಸಾಮಾನ್ಯವಾಗಿ ಕರಗಿಹೋಗುತ್ತವೆ.

ಎಂಟನೆಯ ಹಂತ: ನಿಖರ ಪ್ರಮಾಣಕ್ಕೆ ಕ್ಯುಪಿಸಿಆರ್

ಒಂದು ರೂಪ ಬಹಳ ವಿರಳವಾಗಿದ್ದಾಗ, ಅಥವಾ ಅನುಪಾತಕ್ಕಿಂತ ಆ ರೂಪದ ಒಟ್ಟು ಪ್ರಮಾಣ ಮುಖ್ಯವಾದಾಗ, ಉತ್ಪನ್ನ ಹೆಚ್ಚುವುದನ್ನು ಆವರ್ತದಿಂದ ಆವರ್ತಕ್ಕೆ ಅಳೆಯುವ ಕ್ಯುಪಿಸಿಆರ್ ಬಳಸುತ್ತಾರೆ; ಅದಕ್ಕೆ ಪ್ರತಿ ರೂಪಕ್ಕೂ ಪ್ರತ್ಯೇಕ ಪ್ರೈಮರ್ ಜೋಡಿ ಬೇಕು. ಎಕ್ಸಾನ್ ಸೇರಿದ ರೂಪಕ್ಕೆ ಒಂದು ಪ್ರೈಮರನ್ನು ಆ ಎಕ್ಸಾನಿನೊಳಗೇ ಇಡಬಹುದು. ಬಿಟ್ಟ ರೂಪಕ್ಕೆ ಆ ಅವಕಾಶವಿಲ್ಲ. ಅದರ ಹಿಂದಿನ ಮತ್ತು ಮುಂದಿನ ಎಕ್ಸಾನ್‌ಗಳು ಕೂಡುವ ಸಂಧಿಯ ಮೇಲೆಯೇ ಪ್ರೈಮರ್ ಕೂರಬೇಕು. ಪ್ರೈಮರಿನ 3 ಪ್ರೈಮ್ ತುದಿಯ ನಾಲ್ಕರಿಂದ ಆರು ಬೇಸ್‌ಗಳಷ್ಟೇ ಸಂಧಿಯನ್ನು ದಾಟಿರಲಿ. ಹೆಚ್ಚು ದಾಟಿದರೆ ಆ ಭಾಗವೊಂದೇ ಮುಂದಿನ ಎಕ್ಸಾನಿಗೆ ಅಂಟಿಕೊಂಡು ಸೇರಿದ ರೂಪವನ್ನೂ ನಕಲು ಮಾಡಬಹುದು. ಬಿಟ್ಟುಹೋಗುವ ಎಕ್ಸಾನಿನ ಮೊದಲ ಅಕ್ಷರಗಳೂ ಅದರ ಮುಂದಿನ ಎಕ್ಸಾನಿನ ಮೊದಲ ಅಕ್ಷರಗಳೂ ಒಂದೇ ಆಗಿದ್ದರೆ ಈ ಪ್ರೈಮರಿಗೆ ಎರಡು ರೂಪಗಳ ಭೇದವೇ ತಿಳಿಯುವುದಿಲ್ಲ, ಆದ್ದರಿಂದ ಪ್ರೈಮರ್ ತರಿಸುವ ಮುಂಚೆಯೇ ಇದನ್ನು ನೋಡಿಕೊಳ್ಳಬೇಕು.

ಎರಡು ಪ್ರೈಮರ್ ಜೋಡಿಗಳ ದಕ್ಷತೆ ಒಂದೇ ಎಂದು ಊಹಿಸುವುದು ಅಪಾಯಕಾರಿ. ಒಂದು ಜೋಡಿ ಪ್ರತಿ ಆವರ್ತದಲ್ಲಿ ಉತ್ಪನ್ನವನ್ನು 2 ಪಟ್ಟು, ಇನ್ನೊಂದು 1.9 ಪಟ್ಟು ಹೆಚ್ಚಿಸಿದರೆ 25 ಆವರ್ತಗಳ ಕೊನೆಗೆ ಸುಮಾರು 3.6 ಪಟ್ಟು ಹುಸಿ ವ್ಯತ್ಯಾಸ ಹುಟ್ಟಿಕೊಂಡಿರುತ್ತದೆ. ಪ್ಲಾಸ್ಮಿಡ್‌ಗಳ ಸರಣಿ ದುರ್ಬಲೀಕರಣದಿಂದ ಪ್ರಮಾಣರೇಖೆ ಎಳೆದು ದಕ್ಷತೆಯನ್ನು ಅಳೆಯಬೇಕು, ಜೊತೆಗೆ ಪ್ರತಿ ಜೋಡಿಯನ್ನೂ ವಿರುದ್ಧ ರೂಪದ ಪ್ಲಾಸ್ಮಿಡ್ಡಿನ ಮೇಲೆ ನಡೆಸಿ ಅಡ್ಡ ವೃದ್ಧಿ ಇಲ್ಲವೆಂದು ತೋರಿಸಬೇಕು. ಡಿಜಿಟಲ್ ಪಿಸಿಆರ್ ಅಣುಗಳನ್ನು ಸಾವಿರಾರು ಹನಿಗಳಲ್ಲಿ ಹಂಚಿ ನೇರವಾಗಿ ಎಣಿಸುವುದರಿಂದ ದಕ್ಷತೆಯ ಈ ಚಿಂತೆ ಬಹಳಷ್ಟು ಕಡಿಮೆಯಾಗುತ್ತದೆ.

ಒಂಬತ್ತನೆಯ ಹಂತ: ಎಲ್ಲ ಜೀನ್‌ಗಳನ್ನೂ ಒಟ್ಟಿಗೆ ನೋಡುವುದು

ಯಾವ ಜೀನಿನಲ್ಲಿ ಬದಲಾವಣೆಯಾಗಿದೆ ಎಂಬುದೇ ಗೊತ್ತಿಲ್ಲದಿದ್ದರೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮೊದಲ ಹೆಜ್ಜೆಯಾಗುತ್ತದೆ. ಜೀನಿನ ಒಟ್ಟು ಅಭಿವ್ಯಕ್ತಿಯನ್ನು ಅಳೆಯಲು ಸಾಕಾಗುವ ಆಳ, ಅಂದರೆ ಯಂತ್ರ ಓದುವ ತುಂಡುಗಳ (ಓದುಗಳ) ಸಂಖ್ಯೆ, ಸ್ಪ್ಲೈಸಿಂಗ್‌ಗೆ ಸಾಲದು, ಏಕೆಂದರೆ ಇಲ್ಲಿ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಎಕ್ಸಾನ್ ಸಂಧಿಯನ್ನು ದಾಟುವ ಓದುಗಳು ಮಾತ್ರ. ಎರಡೂ ತುದಿಗಳಿಂದ 100ರಿಂದ 150 ಬೇಸ್‌ಗಳ ಓದು, ಮಾದರಿಯೊಂದಕ್ಕೆ 5ರಿಂದ 10 ಕೋಟಿ ಓದುಗಳು, ಪ್ರತಿ ಸ್ಥಿತಿಗೂ ಕನಿಷ್ಠ ಮೂರು ಜೈವಿಕ ಪುನರಾವರ್ತನೆಗಳು ಎಂಬುದು ಒಳ್ಳೆಯ ಆರಂಭ. ಓದುಗಳನ್ನು ಸ್ಟಾರ್ ಅಥವಾ ಹೈಸ್ಯಾಟ್2 ತಂತ್ರಾಂಶದಿಂದ ಜೀನೋಮಿಗೆ ಹೊಂದಿಸಿ, ಆರ್‌ಮ್ಯಾಟ್ಸ್ ಅಥವಾ ಲೀಫ್‌ಕಟರ್‌ನಂಥ ತಂತ್ರಾಂಶದಿಂದ ಗುಂಪುಗಳ ನಡುವಿನ ವ್ಯತ್ಯಾಸವನ್ನು ಹುಡುಕುತ್ತಾರೆ.

ಸಂಧಿಯ ಓದುಗಳಿಂದ ಪಿಎಸ್‌ಐ ಲೆಕ್ಕ ಹಾಕುವಾಗ ಸೇರಿದ ಎಕ್ಸಾನಿಗೆ ಎರಡು ಸಂಧಿಗಳೂ ಬಿಟ್ಟ ರೂಪಕ್ಕೆ ಒಂದೇ ಸಂಧಿಯೂ ಇರುತ್ತದೆ ಎಂಬುದನ್ನು ಗಮನಿಸಬೇಕು. ಎರಡು ಸಂಧಿಗಳಲ್ಲಿ 40 ಮತ್ತು 44, ಬಿಟ್ಟ ಸಂಧಿಯಲ್ಲಿ 14 ಓದುಗಳಿದ್ದರೆ, ಮೊದಲೆರಡರ ಸರಾಸರಿ 42ನ್ನು ತೆಗೆದುಕೊಂಡಾಗ ಪಿಎಸ್‌ಐ 75 ಆಗುತ್ತದೆ. ಸರಾಸರಿ ಮಾಡದೆ 84ನ್ನೇ ಬಳಸಿದರೆ 86 ಎಂದು ಉಬ್ಬಿಕೊಳ್ಳುತ್ತದೆ. ಸಂಧಿಯಲ್ಲಿ ಒಟ್ಟು ಹತ್ತು ಓದುಗಳೂ ಇಲ್ಲದ ಕಡೆ ತಂತ್ರಾಂಶ ಕೊಡುವ ಪಿಎಸ್‌ಐಗೆ ಬೆಲೆ ಕೊಡಬೇಕಿಲ್ಲ. ಪಟ್ಟಿಯಲ್ಲಿ ಮೇಲೆ ಬಂದ ಪ್ರತಿ ಜೀನನ್ನೂ ಐಜಿವಿ ತಂತ್ರಾಂಶದ, ಸಂಧಿಗಳನ್ನು ಕಮಾನುಗಳಿಂದ ತೋರಿಸುವ ಸಶಿಮಿ ನಕ್ಷೆಯಲ್ಲಿ ಕಣ್ಣಾರೆ ನೋಡಿ, ಆಯ್ದ ಕೆಲವನ್ನು ನಾಲ್ಕನೆಯ ಹಂತದ ಪಿಸಿಆರ್‌ನಿಂದ, ಸಾಧ್ಯವಾದರೆ ಬೇರೆಯದೇ ಮಾದರಿಗಳಲ್ಲಿ, ಪರೀಕ್ಷಿಸಬೇಕು.

ಗಿಡ್ಡ ಓದುಗಳಿಂದ ತಿಳಿಯದ ಒಂದು ವಿಷಯವಿದೆ: 3ನೆಯ ಎಕ್ಸಾನನ್ನು ಬಿಟ್ಟ ಆರ್‌ಎನ್‌ಎಯೇ 12ನೆಯದನ್ನೂ ಬಿಡುತ್ತದೆಯೇ? ಎರಡೂ ಒಂದೇ ಅಣುವಿನಲ್ಲಿವೆಯೇ ಎಂಬುದನ್ನು ಹೇಳಲು ಇಡೀ ಅಣುವನ್ನು ಒಂದೇ ಓದಿನಲ್ಲಿ ಓದಬೇಕಾಗುತ್ತದೆ. ಪ್ಯಾಕ್‌ಬಯೋ ಮತ್ತು ಆಕ್ಸ್‌ಫರ್ಡ್ ನ್ಯಾನೋಪೋರ್‌ನ ದೀರ್ಘ ಓದುಗಳ ತಂತ್ರಜ್ಞಾನ ಇದನ್ನು ಸಾಧ್ಯವಾಗಿಸಿದೆ. 38,016 ರೂಪಗಳಿಗೆ ಅವಕಾಶವಿರುವ ಹಣ್ಣುನೊಣದ ಡಿಸ್ಕ್ಯಾಮ್1 ಜೀನಿನಂಥ ಸಂದರ್ಭದಲ್ಲಿ ಬೇರೆ ಬೇರೆ ಎಕ್ಸಾನ್‌ಗಳ ಪಿಎಸ್‌ಐಗಳನ್ನು ಬಿಡಿಬಿಡಿಯಾಗಿ ತಿಳಿದು ಹೆಚ್ಚಿನ ಪ್ರಯೋಜನವಿಲ್ಲ.

ಹತ್ತನೆಯ ಹಂತ: ಕಾರಣ ಮತ್ತು ಪ್ರೋಟೀನ್

ಒಂದು ಅಕ್ಷರದ ಬದಲಾವಣೆಯೇ ಎಕ್ಸಾನ್ ಬಿಟ್ಟುಹೋಗಲು ಕಾರಣವೇ ಎಂದು ತಿಳಿಯಲು ಮಿನಿಜೀನ್ ಪ್ರಯೋಗ ಬೇಕು. ಆ ಎಕ್ಸಾನನ್ನು ಎರಡೂ ಬದಿಯ ಇಂಟ್ರಾನಿನ ಸುಮಾರು 200ರಿಂದ 300 ನ್ಯೂಕ್ಲಿಯೋಟೈಡ್‌ಗಳೊಂದಿಗೆ, ತನ್ನದೇ ಎಕ್ಸಾನ್‌ಗಳಿರುವ ವೆಕ್ಟರ್ (ವಾಹಕ ಡಿಎನ್‌ಎ) ಒಂದರೊಳಗೆ ಸೇರಿಸಿ, ಸಹಜ ಮತ್ತು ಬದಲಾದ ಎರಡು ಆವೃತ್ತಿಗಳನ್ನು ತಯಾರಿಸುತ್ತಾರೆ. ಇವನ್ನು ಜೀವಕೋಶಗಳಿಗೆ ಹೊಗಿಸಿ 24ರಿಂದ 48 ಗಂಟೆಗಳ ನಂತರ ಆರ್‌ಎನ್‌ಎ ತೆಗೆದು, ವೆಕ್ಟರಿನ ಎಕ್ಸಾನ್‌ಗಳ ಮೇಲಿನ ಪ್ರೈಮರ್‌ಗಳಿಂದ ಪಿಸಿಆರ್ ಮಾಡಿದರೆ ಜೀವಕೋಶದ ಸ್ವಂತ ಜೀನ್ ಅಡ್ಡಬರುವುದಿಲ್ಲ. ದೂರದ ಇಂಟ್ರಾನ್ ಭಾಗಗಳು ಇದರಲ್ಲಿ ಇರುವುದಿಲ್ಲವಾದ್ದರಿಂದ, ರೋಗಿಯ ಆರ್‌ಎನ್‌ಎಯೇ ಸಿಗುವಂತಿದ್ದರೆ ಅದಕ್ಕೇ ಹೆಚ್ಚಿನ ತೂಕ ಕೊಡಬೇಕು.

ಆರ್‌ಎನ್‌ಎ ರೂಪ ಕಂಡಿತೆಂದರೆ ಪ್ರೋಟೀನೂ ಇದೆ ಎಂದಲ್ಲ. ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಎರಡೂ ರೂಪಗಳನ್ನು ಹೋಲಿಸಬೇಕಾದರೆ ಪ್ರತಿಕಾಯ ಅಂಟುವ ಜಾಗ ಎರಡಕ್ಕೂ ಸಾಮಾನ್ಯವಾದ ಭಾಗದಲ್ಲಿರಬೇಕು. ಪರ್ಯಾಯ ಎಕ್ಸಾನಿನೊಳಗಿನ ಜಾಗಕ್ಕೆ ಅಂಟುವ ಪ್ರತಿಕಾಯ ಒಂದನ್ನಷ್ಟೇ ತೋರಿಸುತ್ತದೆ. ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಸಂಧಿಯನ್ನು ದಾಟುವ ಪೆಪ್ಟೈಡ್ (ಪ್ರೋಟೀನಿನ ತುಂಡು) ಸಿಕ್ಕರೆ ಅದು ಪ್ರಬಲ ಸಾಕ್ಷ್ಯ. ಆದರೆ ಅದು ಸಿಗದಿರುವುದಕ್ಕೆ ಕಾರಣ ಹೆಚ್ಚಾಗಿ ಬಳಕೆಯಲ್ಲಿರುವ ಟ್ರಿಪ್ಸಿನ್ ಕಿಣ್ವವೇ ಇರಬಹುದು. ಟ್ರಿಪ್ಸಿನ್ ಲೈಸಿನ್ ಮತ್ತು ಆರ್ಜಿನಿನ್‌ಗಳ ಬಳಿ ಕತ್ತರಿಸುತ್ತದೆ, ಮತ್ತು ಎಕ್ಸಾನ್ ಸಂಧಿಗಳಲ್ಲಿ ಈ ಅಮೈನೋ ಆಮ್ಲಗಳ ಸಂಕೇತಗಳು ಹೆಚ್ಚಾಗಿ ಬರುವುದರಿಂದ ಸಂಧಿಯ ಪೆಪ್ಟೈಡ್ ನಡುವೆಯೇ ತುಂಡಾಗಿಬಿಡುತ್ತದೆ. ಅಂಥ ಸಂದರ್ಭದಲ್ಲಿ ಪ್ರೋಟೀನ್ ಇಲ್ಲವೆಂದು ಬರೆಯುವ ಮೊದಲು ಕೈಮೋಟ್ರಿಪ್ಸಿನ್‌ನಂಥ ಬೇರೊಂದು ಕಿಣ್ವದಿಂದ ಮಾದರಿಯನ್ನು ಮತ್ತೊಮ್ಮೆ ಕತ್ತರಿಸಿ ನೋಡಬೇಕು.